ಗೃಹವಾದ್ಯಗೋಷ್ಠೀದರ್ಶನಮೀಮಾಂಸೆ
ಅಥವಾ ವಿಯೆನ್ನಾ ನಗರದ ಕಛೇರಿಯನ್ನು ಮನೆಯಲ್ಲಿಯೇ ಕುಳಿತು ನೋಡುವ ವಿಧಿ

ಶಾಸ್ತ್ರವೆನಿಸಿಕೊಳ್ಳುವ ಯಾವುದಕ್ಕೂ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರತಕ್ಕದ್ದೆಂದು ಪೂರ್ವಿಕರು ವಿಧಿಸಿರುವುದರಿಂದ, ಅವುಗಳನ್ನು ಮೊದಲೇ ಹೇಳಿ ನಿಶ್ಚಿಂತರಾಗುವುದು ಮೇಲು. ವಿಷಯವೆಂದರೆ, ಪ್ರತಿವರ್ಷವೂ ಜನವರಿ 1ರಂದು ವಿಯೆನ್ನಾದ ಮ್ಯೂಸಿಕ್‌ಫೆರೈನ್ ಎಂಬ ಸಂಗೀತಭವನದ ಸುವರ್ಣಸಭಾಂಗಣದಲ್ಲಿ ಅಲ್ಲಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದದವರು ನಡೆಸುವ, ಸ್ಟ್ರಾಸ್ ಮನೆತನದವರ ವಾಲ್ಟ್ಸ್ ಮತ್ತು ಪೋಲ್ಕಾಗಳೇ ಪ್ರಧಾನವಾದ ಕಛೇರಿ. ಅಧಿಕಾರಿಯೆಂದರೆ, ಅಲ್ಲಿಗೆ ಹೋಗಲಾರದವನು. ಇದನ್ನು ಯಾರೂ ನ್ಯೂನತೆಯೆಂದು ಎಣಿಸಬಾರದು. 1870ರಲ್ಲಿ ಬಾಗಿಲು ತೆರೆದ ಆ ಸಭಾಂಗಣದಲ್ಲಿ, ನಿಂತು ಕೇಳುವವರನ್ನೂ ಸೇರಿಸಿಕೊಂಡರೆ, ಸುಮಾರು ಎರಡು ಸಾವಿರ ಜನಕ್ಕೆ ಮಾತ್ರ ಎಡೆಯುಂಟು. ಟಿಕೆಟ್ಟುಗಳನ್ನು ಬಹಳ ಮುಂಚೆಯೇ ಚೀಟಿಯೆತ್ತಿ ಹಂಚುತ್ತಾರೆ. ಆದ್ದರಿಂದ ಹೋಗಲಾರದವರೇ ಮನುಕುಲದಲ್ಲಿ ಬಹುಸಂಖ್ಯಾತರು, ಮತ್ತು ಇಷ್ಟು ದೊಡ್ಡ ಸಮುದಾಯಕ್ಕೆ ತನ್ನದೆಂಬುದೊಂದು ಶಾಸ್ತ್ರವಿಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಸಂಬಂಧವು 1959ರಿಂದ ಟೆಲಿವಿಷನ್ನಿನ ಮೂಲಕ ಏರ್ಪಟ್ಟಿದೆ. ಪ್ರಯೋಜನವನ್ನು ಕೊನೆಗೆ ಹೇಳುವೆವು. ಮೊದಲೇ ಹೇಳಿಬಿಟ್ಟರೆ ಮುಂದಕ್ಕೆ ಓದುವವರಿರುವುದಿಲ್ಲ.

ಇಲ್ಲಿ ಪೂರ್ವಪಕ್ಷ: ಸಂಗೀತವು ಕಿವಿಗೆ ಸೇರಿದ್ದು, ಉತ್ತಮ ರಸಿಕನು ಕಣ್ಣು ಮುಚ್ಚಿಯೇ ಕೇಳುತ್ತಾನೆ, ಹೀಗಿರಲು ಚಿತ್ರವೇಕೆ? ಸಮಾಧಾನವನ್ನು ಹೇಳುತ್ತೇವೆ. ಬರ್ಲಿನ್ ಫಿಲ್‌ಹಾರ್ಮೋನಿಕ್ ವೃಂದದ ನಾಯಕರಾಗಿದ್ದ ಹರ್ಬರ್ಟ್ ಫಾನ್ ಕರಾಯನ್ನರು ವೇದಿಕೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಕೈಯಾಡಿಸುತ್ತಿದ್ದರೆಂಬುದು ಲೋಕಪ್ರಸಿದ್ಧ. ಆದರೆ ಅದೇ ಮಹನೀಯರು 1960ರ ದಶಕದಲ್ಲಿ ಆನ್ರಿ ಜಾರ್ಜ್ ಕ್ಲೂಜೋ ಎಂಬ ಫ್ರೆಂಚ್ ಚಿತ್ರನಿರ್ದೇಶಕರ ಕೈಯಲ್ಲಿ ತಮ್ಮ ವಾದ್ಯಗೋಷ್ಠಿಯ ಚಿತ್ರಗಳನ್ನು ತೆಗೆಸಿದರು. ಮುಂದೆ ತಾವೇ ಆ ಕೆಲಸದ ಮೇಲ್ವಿಚಾರಣೆಗೂ ನಿಂತರು. ಅವುಗಳಲ್ಲಿ ಎಷ್ಟೋ ಕಡೆ ವಾದಕರು ಮೊದಲೇ ಧ್ವನಿಮುದ್ರಿತವಾಗಿದ್ದ ನಾದಕ್ಕೆ ಹೊಂದುವಂತೆ ಕ್ಯಾಮರಾದ ಎದುರು ಅಭಿನಯಿಸಿದರು. ಕಣ್ಣು ಮುಚ್ಚಿಕೊಳ್ಳುವುದು ಕೇಳುವುದಕ್ಕೆ ಎಷ್ಟು ಅವಶ್ಯವೋ, ಮುಚ್ಚಿದ ಆ ಕಣ್ಣನ್ನು ಇತರರು ಕಣ್ತೆರೆದು ನೋಡುವುದೂ ಅಷ್ಟೇ ಅವಶ್ಯವೆಂದು ಇದರಿಂದ ಸಿದ್ಧವಾಯಿತು.

ಈಗ ಪ್ರಮಾಣವಿಚಾರ. ಸಭಾಂಗಣದಲ್ಲಿ ಕುಳಿತವನ ಕಣ್ಣು ಸ್ವತಂತ್ರವಾದುದು. ಅದು ಪಿಟೀಲಿನಿಂದ ಹಾರ್ಪಿಗೆ, ಹಾರ್ಪಿನಿಂದ ಮುಂದಿನ ಸಾಲಿನ ಬೋಳುತಲೆಗೆ, ಅಲ್ಲಿಂದ ಚಿನ್ನದ ಕಂಬಗಳಿಗೆ ಯಥೇಚ್ಛವಾಗಿ ಸಂಚರಿಸಬಹುದು. ಗೃಹರಸಿಕನ ಕಣ್ಣಾದರೋ ಚಿತ್ರನಿರ್ದೇಶಕನ ವಶದಲ್ಲಿರತಕ್ಕದ್ದು. ಆತನು ಸ್ವರಲಿಪಿಯ ಪುಸ್ತಕವನ್ನು ಮುಂಚಿತವಾಗಿ ಅಭ್ಯಾಸ ಮಾಡಿ, ಎಷ್ಟನೆಯ ಆವರ್ತದಲ್ಲಿ ಯಾವ ಕ್ಯಾಮರಾ ಯಾರ ಮುಖದ ಮೇಲೆ ಬೀಳತಕ್ಕದ್ದೆಂದು ಗುರುತು ಹಾಕಿಟ್ಟಿರುತ್ತಾನೆ. ಸಂಗೀತ ಬಲ್ಲ ಸಹಾಯಕರೊಬ್ಬರು ಪಕ್ಕದಲ್ಲಿ ಕುಳಿತು ಆವರ್ತಗಳನ್ನು ಎಣಿಸಿ ಹೇಳುತ್ತಿರುತ್ತಾರೆ. ಓಬೋ ನುಡಿಯುವುದಕ್ಕೆ ಕ್ಷಣಾರ್ಧ ಮುಂಚೆಯೇ ಓಬೋವಾದಕನು ಉಸಿರೆಳೆದುಕೊಳ್ಳುವುದು ನಮಗೆ ಕಾಣುತ್ತದೆ. ಕಂಡ ಕೂಡಲೇ ಕೇಳಿಸುತ್ತದೆ. ಕಾಣದಿದ್ದರೆ, ನಾದವು ಅಲ್ಲಿಯೇ ಇದ್ದರೂ, ಗೃಹರಸಿಕನ ಪಾಲಿಗೆ ಅದು ಇಲ್ಲವೇ ಇಲ್ಲ. ವೇದಾಂತಿಗಳು ಶತಮಾನಗಳ ಕಾಲ ಹೆಣಗಿ ಸ್ಥಾಪಿಸಿದ ದೃಷ್ಟಿಸೃಷ್ಟಿವಾದವು, ಜಗತ್ತಿನ ವಿಷಯದಲ್ಲಿ ಹೇಗೋ, ಓಬೋ ವಿಷಯದಲ್ಲಂತೂ ನಿರಪವಾದವಾಗಿ ಸತ್ಯವಾಗಿದೆ. ಹಿಂದುಗಡೆ ಸಾಲಾಗಿ ನಿಂತು ಇಡೀ ವಾಲ್ಟ್ಸಿನ ಭಾರವನ್ನು ಹೊತ್ತ ಡಬಲ್ ಬಾಸ್ ವಾದಕರನ್ನು ಕ್ಯಾಮರಾ ಹೆಚ್ಚಾಗಿ ಲಕ್ಷಿಸದು. ಆದ್ದರಿಂದ ಲಕ್ಷಾಂತರ ಮನೆಗಳಲ್ಲಿ ಅವರ ನಾದ ಅಸತ್ತು. 1989 ಮತ್ತು 1992ರಲ್ಲಿ ಕಾರ್ಲೋಸ್ ಕ್ಲೈಬರರು ನಡೆಸಿಕೊಟ್ಟ ಕಛೇರಿಗಳ ಚಿತ್ರಗಳನ್ನು ನೋಡಿದವರು ಅವರ ತೋಳು ತೇಲಿದ ಬಗೆಯನ್ನು ವರ್ಣಿಸುವರೇ ಹೊರತು, ಮೂರು ಮಾತ್ರೆಗಳಲ್ಲಿ ಎರಡನೆಯದನ್ನು ತುಸು ಮುಂಚಿತವಾಗಿ ಹಾಕುವ ವಿಯೆನ್ನಾದವರ ಚಾಳಿಯನ್ನು ಪ್ರಸ್ತಾಪಿಸುವುದಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ಕುಳಿತ ನಮ್ಮ ಕಡೆಯ ರಸಿಕರಿಗೆ ಮಾತ್ರ ಇದು ಮೊದಲ ಆವರ್ತದಲ್ಲಿಯೇ ಅನುಭವಕ್ಕೆ ಬಂದು, ಅವರು ತಮ್ಮ ತೊಡೆಯನ್ನೇ ಸಂಶಯಿಸತೊಡಗುತ್ತಾರೆ.

ಗೃಹರಸಿಕನಿಗೆ ಒಂದು ಅಧಿಕಲಾಭವೂ ಉಂಟು. ಕೆಲವು ವಾಲ್ಟ್ಸುಗಳು ನಡೆಯುವಾಗ, ಬೇರೆಲ್ಲೋ ಅರಮನೆ ಉದ್ಯಾನಗಳಲ್ಲಿ ಮುಂಚೆಯೇ ಚಿತ್ರಿಸಿಟ್ಟ ನೃತ್ಯವನ್ನು ತೆರೆಯ ಮೇಲೆ ತೋರಿಸುವರು. ದುಬಾರಿ ಹಣ ತೆತ್ತು ಸಭಾಂಗಣದಲ್ಲಿ ಕುಳಿತವರಿಗೆ ಆ ನರ್ತಕಿಯರ ದರ್ಶನವಿಲ್ಲ. ಈ ಕಾರಣದಿಂದ ಪ್ರತ್ಯಕ್ಷಕ್ಕಿಂತ ಪರೋಕ್ಷವೇ ಬಲವತ್ತರವೆಂದು ನಾವು ವಾದಿಸಬಹುದಾಗಿತ್ತು, ವಿನಯದಿಂದ ವಾದಿಸುವುದಿಲ್ಲ.

ರಸವಿಘ್ನಗಳು ಏಳೆಂದು ಅಭಿನವಗುಪ್ತಾಚಾರ್ಯರು ಎಣಿಸಿದ್ದಾರೆ. ಕಾಶ್ಮೀರದಲ್ಲಿ ಆಗ ಕುಕ್ಕರ್ ಇರಲಿಲ್ಲ. ಆದರೆ ಕುಕ್ಕರಿನ ಕೂಗನ್ನಾದರೂ ಪಿಕೊಲೋ ವಾದ್ಯದ ಹತ್ತಿರದ ನೆಂಟನೆಂದು ಸಹಿಸಬಹುದು, ಕರೆಗಂಟೆಯನ್ನು ವೃಂದದ ತ್ರಿಕೋಣವಾದ್ಯವೆಂದು ಭ್ರಮಿಸಿ ಬಾಗಿಲು ತೆರೆಯದೆಯೂ ಇರಬಹುದು, ಯಾವ ಆಚಾರ್ಯರೂ ಪರಿಹಾರ ಹೇಳಲಾಗದ ಎಂಟನೆಯ ವಿಘ್ನವೆಂದರೆ, ಅರ್ಧ ಗಂಟೆ ಮೌನವಾಗಿ ಪಕ್ಕದಲ್ಲಿ ಕುಳಿತಿದ್ದ ಸೋದರತ್ತೆಯವರು ಕೋಮಲವಾದೊಂದು ಸ್ಥಳದಲ್ಲಿ ಬಾಗಿ, “ಶ್ರುತಿ ಸೇರಿಸಿದ್ದು ಸಾಕಾಯ್ತು ಕಣೋ, ಹಾಡೋದು ಯಾವಾಗ?” ಎಂದು ಕೇಳುವುದು.

ಈ ಮಾರ್ಗದ ಆದ್ಯರನ್ನು ಸ್ಮರಿಸದೆ ಮುಂದುವರಿಯುವುದು ಕೃತಘ್ನತೆಯಾದೀತು. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಅರಮನೆಯಲ್ಲಿಯೇ ಕುಳಿತು ಯೂರೋಪಿನ ವಾದ್ಯವೃಂದಗಳನ್ನು ಗ್ರಾಮಾಫೋನ್ ತಟ್ಟೆಗಳ ಮೂಲಕ ಆಸ್ವಾದಿಸಿದ ಗೃಹರಸಿಕರು. ಬೇಕಾದ ಕೃತಿಗಳು ತಟ್ಟೆಗಳಲ್ಲಿ ದೊರೆಯದಿರಲು, 1940ರ ದಶಕದ ಕೊನೆಗೆ, ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರ ರಚನೆಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವುದಕ್ಕೂ, ಲಂಡನ್ನಿನ ಫಿಲ್‌ಹಾರ್ಮೋನಿಯ ವೃಂದವು, ಕಣ್ಣು ಮುಚ್ಚುವ ಆ ಕರಾಯನ್ನರ ನಾಯಕತ್ವದಲ್ಲಿಯೇ, ಬಾಲಕಿರೆವ್ ಮುಂತಾದವರ ಕೃತಿಗಳನ್ನು ನುಡಿಸಿ ಮುದ್ರಿಸುವುದಕ್ಕೂ ಧನಸಹಾಯವಿತ್ತರು. ಮನೆಯಲ್ಲಿ ಕೇಳಿದ್ದು ಸಾಲದೆಂದು ತೋರಿದಾಗ ಪ್ರಭುಗಳು ವಾದ್ಯವೃಂದವನ್ನೇ ಪೋಷಿಸಿದರು. ನಾವು ಧ್ವನಿಯನ್ನು ಎರಡು ಮೆಟ್ಟಿಲು ಏರಿಸುತ್ತೇವೆ.

ಇನ್ನು, ಬಾಕಿಯಿದ್ದ ಪ್ರಯೋಜನ. ಕಛೇರಿಯ ಕಟ್ಟಕಡೆಗೆ, ಹಿರಿಯ ಯೋಹಾನ್ ಸ್ಟ್ರಾಸನು 1848ರಲ್ಲಿ ರಚಿಸಿದ ರಾಡೆಟ್ಸ್ಕಿ ಮಾರ್ಚ್ ನಡೆಯುವಾಗ, ವೃಂದನಾಯಕನು ವಾದಕರನ್ನು ಬಿಟ್ಟು ಸಭೆಯ ಕಡೆಗೆ ತಿರುಗಿ ಚಪ್ಪಾಳೆಯನ್ನೇ ನಿರ್ದೇಶಿಸುವುದು ಅಲ್ಲಿನ ಸಂಪ್ರದಾಯ. ಮನೆಯಲ್ಲಿರುವವನು ಅದರಲ್ಲಿ ಸೇರಬಹುದೆ? ವಿಯೆನ್ನಾಕ್ಕೆ ಕೇಳಿಸದಾದ್ದರಿಂದ ವ್ಯರ್ಥವೆಂದು ಒಂದು ಪಕ್ಷ. ಕೇಳಿಸದಿದ್ದರೂ ಅದೃಷ್ಟಫಲವುಂಟೆಂದು ಇನ್ನೊಂದು ಪಕ್ಷ. ದೃಷ್ಟಫಲವು ದೊರೆಯುವಲ್ಲಿ ಅದೃಷ್ಟವನ್ನು ಕಲ್ಪಿಸಲಾಗದೆಂಬ ಮೀಮಾಂಸಕರ ನ್ಯಾಯವನ್ನು ಇಬ್ಬರೂ ಮರೆತಿದ್ದಾರೆ. ವಿಯೆನ್ನಾದಲ್ಲಿ ಬೆಳಗ್ಗೆ 11.15ಕ್ಕೆ ತೊಡಗುವ ಕಛೇರಿಯು ನಮ್ಮಲ್ಲಿ ಮಧ್ಯಾಹ್ನ 3.45ಕ್ಕೆ ತೊಡಗಿ, ಈ ಮಾರ್ಚಿಗೆ ಬರುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿ, ಸೊಳ್ಳೆಗಳು ಒಳಕ್ಕೆ ಬಂದಿರುತ್ತವೆ. ಆದುದರಿಂದ ಚಪ್ಪಾಳೆಯು ವಿಹಿತವೇ ಸರಿ. ಮತ್ತು ನಾಯಕನು ಮೆಲ್ಲಗೆ ತಟ್ಟಿರೆಂದು ಸನ್ನೆ ಮಾಡುವ ಭಾಗದಲ್ಲಿಯೂ ಗಟ್ಟಿಯಾಗಿ ತಟ್ಟುವ ಅಧಿಕಾರವು ಗೃಹರಸಿಕನಿಗೆ ಮಾತ್ರ ಸಲ್ಲುತ್ತದೆ.