ಕಲಸುಮೇಲೋಗರ: ಒಂದು ಶಬ್ದಮೀಮಾಂಸೆ

ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಬಾಬತ್ತುಗಳು ಒಂದೆಡೆ ಬಿದ್ದಿದ್ದರೆ ಕನ್ನಡಿಗರು ಅದನ್ನು ‘ಕಲಸುಮೇಲೋಗರ’ ಎನ್ನುತ್ತಾರೆ. ಪುಸ್ತಕ ವಿಮರ್ಶೆಯಲ್ಲೂ ವಿಧಾನಸಭೆಯಲ್ಲೂ ಮದುವೆಮನೆಯಲ್ಲೂ ಸಮಾನವಾಗಿ ಚಲಾವಣೆಯಲ್ಲಿರುವ ಈ ಪದಕ್ಕೆ ಸಲ್ಲಬೇಕಾದ ಶಾಸ್ತ್ರಗೌರವ ಸಂದಿಲ್ಲವೆಂಬ ಕೊರಗಿನಿಂದ ಪ್ರಸ್ತುತ ಪ್ರಬಂಧಕಾರ, ಊಟ ಮುಗಿಸಿ, ಬರೆಯಲು ಕೂತಿದ್ದಾನೆ.

ಮೊದಲು ಪದಚ್ಛೇದ. ಕಲಸು, ಮೇಲೋಗರ. ಮೇಲೋಗರವನ್ನು ಮತ್ತೆ ಬಿಡಿಸಿದರೆ ಮೇಲ್ ಮತ್ತು ಓಗರ. ಓಗರವೆಂದರೆ ಅನ್ನ, ಅನ್ನಕ್ಕೆ ಕಲಸಿಕೊಳ್ಳುವ ವ್ಯಂಜನ ಮೇಲೋಗರ. ಇದೇ ಓಗರ ಹುಳಿಯ ಕೈ ಹಿಡಿದು ಪುಳಿಯೋಗರೆಯಾಗಿ ಗುಡಿ ಹೊಕ್ಕಿತು, ದೊನ್ನೆಯಲ್ಲಿ ಪ್ರಸಾದವಾಯಿತು. ಕಲಸುವಿನ ಸಹವಾಸಕ್ಕೆ ಬಿದ್ದದ್ದು ಬೈಗುಳವಾಯಿತು. ಗೊಜ್ಜು ಕಲಸದೆ ಪುಳಿಯೋಗರೆ ಆದದ್ದುಂಟೆ? ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಅರ್ಚಕ, ಇನ್ನೊಬ್ಬ ಅಬ್ಬೇಪಾರಿ ಆಗುವುದು ಪದಗಳ ಕುಟುಂಬದಲ್ಲೂ ಇದೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಕಲಸಿಕೊಳ್ಳಲೆಂದೇ ಹುಟ್ಟಿದ ಮೇಲೋಗರವನ್ನು ಕಲಸಿದರೆ ದೋಷವೇನು ಸ್ವಾಮಿ? ಸಮಾಧಾನ ಬಾಳೆಲೆಯ ಮೇಲಿದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಇವಕ್ಕೆ ಎಲೆಯಲ್ಲಿ ಅವವುಗಳದೇ ಜಾಗ. ಸಾರನ್ನ ಮುಗಿದ ಮೇಲೆ ಹುಳಿಯನ್ನ, ಕಡೆಗೆ ಮಜ್ಜಿಗೆ. ಮೇಲೋಗರಕ್ಕೆ ಅನ್ನದೊಡನೆ ಸಂಬಂಧ ವಿಹಿತ. ಮೇಲೋಗರವು ಮೇಲೋಗರದೊಡನೆಯೇ ಕಲೆತರೆ ಮಾತ್ರ ಕಲಸುಮೇಲೋಗರ. ಬಡಿಸುವವನ ಅವಸರಕ್ಕೆ ಪಾಯಸ ಹರಿದುಹೋಗಿ ಹುಳಿಯ ಕಟ್ಟೆ ಒಡೆದದ್ದನ್ನು ಕಂಡವರಿಗೆ ಕಿಟೆಲ್ಲರ 1894ರ ನಿಘಂಟಾಗಲೀ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾಗಲೀ ಬೇಕಾಗುವುದಿಲ್ಲ.

ಈಗ ಇತಿಹಾಸ. ಬೆರಕೆಯನ್ನು ಬೈಯಬೇಕಾದಾಗೆಲ್ಲ ಕನ್ನಡದ ಪಂಡಿತರು ನೇರವಾಗಿ ಅಡುಗೆಮನೆಗೆ ನುಗ್ಗಿದ್ದಾರೆಂಬುದು ಈ ಪ್ರಬಂಧದ ಪ್ರಧಾನ ಶೋಧ. 9ನೆಯ ಶತಮಾನದ ಕವಿರಾಜಮಾರ್ಗ, ತಿಳಿಯದೆ ಸಂಸ್ಕೃತ–ಕನ್ನಡಗಳನ್ನು ಸಮಾಸದಲ್ಲಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದಿತು. ಮುಳುಗುಂದದ ನಯಸೇನ 1112ರ ಧರ್ಮಾಮೃತದಲ್ಲಿ ತುಪ್ಪಕ್ಕೆ ಎಣ್ಣೆ ಬೆರೆಸುವುದು ತಕ್ಕದ್ದೇ ಎಂದು ಕೇಳಿದ. ಕೇಳುವಾಗ ತುಪ್ಪಕ್ಕೂ ಎಣ್ಣೆಗೂ ಸಂಸ್ಕೃತದ ಹೆಸರುಗಳನ್ನೇ ಬಳಸಿದನೆಂಬುದನ್ನು ಪ್ರಬಂಧಕಾರ ಹೊರಗೆ ಹೇಳುವವನಲ್ಲ. ಆದರೆ ಬೆರಕೆಯನ್ನು ಮೆಚ್ಚಬೇಕಾದಾಗ? ರಾಮಾಶ್ವಮೇಧದ ಮುದ್ದಣ–ಮನೋರಮೆಯರ ಸಲ್ಲಾಪದಲ್ಲಿ ಕನ್ನಡದ ನಡುವೆ ಬರುವ ಸಂಸ್ಕೃತವು ಕರಿಮಣಿ ಸರದಲ್ಲಿ ಪೋಣಿಸಿದ ಕೆಂಪು ಹವಳವಾಗುತ್ತದೆ. ಮುದ್ದಣನೋ ನಂದಳಿಕೆಯವನು, ಮೇಲೋಗರವು ಬೈಗುಳವಾಗದೆ ಇಂದಿಗೂ ಅಡುಗೆಯಾಗಿಯೇ ಉಳಿದಿರುವ ಸೀಮೆಯವನು. ಆದರೂ ಹೊಗಳುವಾಗ ಅವನ ಕಣ್ಣು ಒಲೆಯ ಕಡೆ ಹೋಗಲಿಲ್ಲ. ಇದರಿಂದ ಸಿದ್ಧವಾಗುವ ಸೂತ್ರ: ನಿಂದೆಗೆ ಪಾತ್ರೆ, ಸ್ತುತಿಗೆ ಒಡವೆ.

ಕೇಶಿರಾಜನನ್ನು ಬಿಟ್ಟು ವ್ಯಾಕರಣದ ಮಾತಾಡಬಾರದು. ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿ ಆದ ಸಮಾಸವನ್ನು ಅವನು ಅರಿಸಮಾಸವೆಂದ, ಎಂದರೆ ಶತ್ರುಗಳ ಸಂಸಾರ. ಈ ಒರೆಗಲ್ಲಿಗೆ ನಮ್ಮ ಪದವನ್ನು ಉಜ್ಜಿದರೆ ಬೆರಗಾಗಬೇಕು: ಕಲಸು ಕನ್ನಡ, ಮೇಲ್ ಕನ್ನಡ, ಓಗರ ಕನ್ನಡ. ಬೆರಕೆಯನ್ನು ಹೇಳುವ ಪದದಲ್ಲಿ ಎಳ್ಳಷ್ಟೂ ಬೆರಕೆಯಿಲ್ಲ. ‘ಶುದ್ಧಗನ್ನಡ’ವೋ, ಅಪ್ಪಟ ಅರಿಸಮಾಸ!

ಪಕ್ಕದ ಪದಗಳ ವಿಚಾರ ಚುಟುಕಾಗಿ. ಕಲಬೆರಕೆ ಬೇರೆ, ಬೆರಕೆ ಬೇರೆ: ಬೆರಕೆ ಸೊಪ್ಪಿನ ಹಿಂದೆ ಮುದ್ದೆ ಬರುತ್ತದೆ, ಕಲಬೆರಕೆ ಎಣ್ಣೆಯ ಹಿಂದೆ ಅಧಿಕಾರಿ ಬರುತ್ತಾರೆ. ‘ವಗೈರೆ’ ಅರಬ್ಬಿಯಿಂದ ಬಂದು ಕಚೇರಿಯ ಕಾಗದಪತ್ರಗಳಲ್ಲಿ ಕಾಯಂ ಆದದ್ದು. ಅದಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಚಿತ್ರಾನ್ನ ತಿನ್ನುವಾಗ ಒಂದು ಅರ್ಥ, ಕೆಲಸ ಕೆಟ್ಟಾಗ ಇನ್ನೊಂದು.

ಇನ್ನು ಪ್ರಯೋಗಲಕ್ಷಣ. ಇದಕ್ಕಾಗಿ ಪ್ರಬಂಧಕಾರ ಸ್ವಗೃಹದಲ್ಲೇ ಕ್ಷೇತ್ರಕಾರ್ಯ ನಡೆಸಿದ. ಅವನ ಮೇಜಿನ ಖಾನೆಯಲ್ಲಿ ಕರೆಂಟ್ ಬಿಲ್ಲು, ಬರೆಯದ ಪೆನ್ನುಗಳು, ತಾಯಿಯ ಹಳೇ ಕನ್ನಡಕ, ಯಾವ ಬೀಗದ್ದೆಂದು ತಿಳಿಯದ ಮೂರು ಕೀಲಿಕೈ ಮತ್ತು ಒಂದು ಅಡಿಕೆ ಇದ್ದವು. “ಏನ್ರೀ ಇದು ಕಲಸುಮೇಲೋಗರ?” ಎಂದಳು ಹೆಂಡತಿ. ಅದೇ ರಾತ್ರಿ ಮಧ್ಯಾಹ್ನದ ಪಲ್ಯ, ನಿನ್ನೆಯ ಸಾಗು, ಮೊನ್ನೆಯದೆಂದು ಶಂಕಿಸಬಹುದಾದ ತೊವ್ವೆ ಒಂದೇ ಬಾಣಲೆಯಲ್ಲಿ ಕೂಡಿ ತಟ್ಟೆಗೆ ಬಂದವು. ಹೆಸರು ಕೇಳಿದ್ದಕ್ಕೆ, “ಹೊಸ ರುಚಿ, ಸುಮ್ನೆ ತಿನ್ನಿ.” ಆದ್ದರಿಂದ ಲಕ್ಷಣ ಹೀಗೆ: ಕಲಸಿದವರು ಬೇರೆಯವರಾಗಿದ್ದರೆ ಮಾತ್ರ ಅದು ಕಲಸುಮೇಲೋಗರ. ರಾಜ್ಯದಲ್ಲಿ 2004, 2006, 2018ರ ಸರ್ಕಾರಗಳು ಒಳಗಿದ್ದವರಿಗೆ ಸಮ್ಮಿಶ್ರ, ಹೊರಗಿದ್ದವರಿಗೆ ಏನೆಂದು ಹೇಳಬೇಕಿಲ್ಲ. ಮೂರರಲ್ಲೂ ಒಂದೇ ಪಕ್ಷ ಇತ್ತಾದ್ದರಿಂದ ಅದಕ್ಕೆ ಈ ಪದವನ್ನು ಬಳಸುವ ಅವಕಾಶವೇ ಒದಗಲಿಲ್ಲ.

ಒಂದು ಸಂದೇಹ ಮಾತ್ರ ಉಳಿದಿದೆ. ಮೇಲೋಗರಕ್ಕೆ ತರಕಾರಿಯ ಜತೆ ಬೇಳೆ ಬೇಕೇ, ಕಾಳು ಸಾಕೇ ಎಂಬುದನ್ನು ಉಡುಪಿ ಕಡೆಯ ವಿದ್ವಾಂಸರು ದಯಮಾಡಿ ತಿಳಿಸಬೇಕು. ಬರೆದು ತಿಳಿಸುವುದು ಕಷ್ಟವಾದರೆ ಊಟಕ್ಕೆ ಕರೆದರೂ ಆದೀತು; ಬಸ್ ಚಾರ್ಜು ಪ್ರಬಂಧಕಾರನದೇ.