ಡಿಕ್ಕಿಯಲ್ಲಿ ಮೂರು ಸಾವಿರ ವ್ಯಾಟ್

ಬೆಂಗಳೂರಿನ ಜೆ.ಸಿ. ರಸ್ತೆಗೆ ಸಂಗೀತದ ನೆಪದಲ್ಲಿ ಹೋಗುವವರಲ್ಲಿ ಎರಡು ಜಾತಿ. ರವೀಂದ್ರ ಕಲಾಕ್ಷೇತ್ರದ ಗೇಟಿನೊಳಕ್ಕೆ ತಿರುಗುವವರು ಒಂದು. ಸೀಟ್ ಕವರು, ಹಾರನ್ನು, ಸ್ಪೀಕರುಗಳನ್ನು ಫುಟ್‌ಪಾತಿನವರೆಗೂ ಹರವಿಕೊಂಡ ಅಂಗಡಿಗಳ ಮುಂದೆ ಬ್ರೇಕ್ ಹಾಕುವವರು ಇನ್ನೊಂದು. ನಾನು ಎರಡನೆಯ ಪೈಕಿ. ಯಾರಾದರೂ ಹಾಡುತ್ತಿರುವುದು ಯಾವ ರಾಗ ಅಂತ ಕೇಳಿದರೆ ಕಣ್ಣು ಮುಚ್ಚಿ ಮೋಹನ ಅಂದುಬಿಡುತ್ತೇನೆ. ಒಮ್ಮೊಮ್ಮೆ ಸರಿಯೂ ಹೋಗುತ್ತದೆ. ಆದರೆ ಬೇಸ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯಗಳು ಬಲು ಗಟ್ಟಿ.

ನಮ್ಮದು ವ್ಯಾಗನ್ ಆರ್. ಅದರ ಡಿಕ್ಕಿ 341 ಲೀಟರ್ ಅಂತ ಕಂಪನಿಯವರು ಹೇಳುತ್ತಾರೆ. ಹನ್ನೆರಡು ಇಂಚಿನ ಸಬ್‌ವೂಫರ್‌ಗೆ ಗಾಳಿ ಹೋಗಿಬರುವ ಪೋರ್ಟ್ ಇರುವ ಪೆಟ್ಟಿಗೆ ಮಾಡಿಸಿದರೆ ಒಳಗೇ ಐವತ್ತರವತ್ತು ಲೀಟರ್ ಜಾಗ ಬೇಕು. ಹಲಗೆಯ ದಪ್ಪ ಬೇರೆ. ಆದರೂ ಮುಕ್ಕಾಲು ಡಿಕ್ಕಿ ಉಳಿಯುತ್ತದಲ್ಲ ಅಂತ ಊಟದ ಹೊತ್ತಿನಲ್ಲಿ ಲೆಕ್ಕ ಒಪ್ಪಿಸಿದೆ. ‘ಊರಿಂದ ಬರೋ ಅಕ್ಕಿ ಮೂಟೆ ಲೀಟರಲ್ಲಿ ಬರುತ್ತಾ?’ ಎಂದರು ಅಮ್ಮ. ಹಲಸಿನ ಹಣ್ಣಿನ ಸೀಸನ್ನಿನಲ್ಲಿ ಏನು ಮಾಡುತ್ತೀಯ ಅಂತ ಅಡ್ಡ ಪ್ರಶ್ನೆಯೂ ಬಂತು. ಮುಚ್ಚಿದ ಪೆಟ್ಟಿಗೆಯಾದರೆ ಬೇಸ್ ಬಿಗಿಯಾಗಿರುತ್ತದೆ, ಜಾಗ ಕಡಿಮೆ ಸಾಕು. ಪೋರ್ಟ್ ಇದ್ದರೆ ಅಷ್ಟೇ ಕರೆಂಟಿಗೆ ಸದ್ದು ಜಾಸ್ತಿ. ಈ ಬಗ್ಗೆ ಬಲ್ಲವರು ವರ್ಷಗಟ್ಟಲೆ ಜಗಳವಾಡಿಕೊಂಡು ಬಂದಿದ್ದಾರೆ. ನಮ್ಮ ಮನೆಯಲ್ಲಿ ಒಂದೇ ಮಾತಿಗೆ ಇತ್ಯರ್ಥವಾಯಿತು. ‘ತೂತು ಇರೋದು ಬೇಡ. ಇಲಿ ಸೇರ್ಕೊಳ್ಳುತ್ತೆ.’ ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಸಂಸಾರ ಹೂಡುವ ಬೆಂಗಳೂರಿನ ಇಲಿಗಳನ್ನು ಬಲ್ಲವರ್‍ಯಾರೂ ಇದಕ್ಕೆ ಎದುರು ಮಾತಾಡಲಾರರು.

ಆಂಪ್ಲಿಫೈಯರ್ ನೋಡಲು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಆಕೆ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಅಂಗಡಿಯ ಹುಡುಗ ಮೇಲಿನ ಅಟ್ಟದಿಂದ ಒಂದು ಡಬ್ಬ ಇಳಿಸಿದ. ಅದರ ಮೇಲೆ ಬೆಂಕಿ ಉಗುಳುತ್ತಿರುವ ಸಿಂಹದ ಚಿತ್ರ, ಅಂಗೈಯಗಲದ ಅಕ್ಷರದಲ್ಲಿ ‘3000 ವ್ಯಾಟ್’. ನನ್ನ ಕೈ ತಾನಾಗಿಯೇ ಪರ್ಸಿನ ಕಡೆ ಹೋಯಿತು. ಆಕೆ ಡಬ್ಬ ತೆರೆದು, ಯಂತ್ರವನ್ನು ತಿರುಗಿಸಿ, ವೈರು ಸಿಕ್ಕಿಸುವ ಕಡೆ ಇದ್ದ ಹಸಿರು ಬಣ್ಣದ ಪುಟ್ಟ ಫ್ಯೂಸನ್ನು ಬಗ್ಗಿ ನೋಡಿದಳು. 30 ಆಂಪಿಯರ್.

‘ಇಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್ ಅಂತಿಟ್ಟುಕೊಳ್ಳೋಣ. ಹದಿನಾಲ್ಕು ಮೂವತ್ತಲಿ ನಾನೂರ ಇಪ್ಪತ್ತು. ಒಳಗೆ ಹೋಗೋದೇ 420 ವ್ಯಾಟ್, ಅದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತೆ. ಹೊರಗೆ ಮೂರು ಸಾವಿರ ಹೇಗಪ್ಪಾ ಬರುತ್ತೆ?’

‘ಅದು ಪೀಕ್ ಪವರ್ ಮೇಡಂ’ ಅಂದ ಹುಡುಗ. ನನಗೂ ಆ ಉತ್ತರ ಬಹಳ ಹಿಡಿಸಿತು.

ಆಕೆಗೆ ಹಿಡಿಸಲಿಲ್ಲ. ಮೂರು ಸಾವಿರ ಬೇಕಾದರೆ ಇನ್ನೂರಕ್ಕೂ ಮಿಕ್ಕಿ ಆಂಪಿಯರ್ ಎಳೆಯಬೇಕು, ಸಣ್ಣ ಕಾರಿನ ಆಲ್ಟರ್ನೇಟರಿಗೆ ನೂರೇ ಹೆಚ್ಚು, ಮೂರು ಸಾವಿರ ವ್ಯಾಟ್ ಅಂದರೆ ನಮ್ಮನೆ ಗೀಸರು, ಅದನ್ನು ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುತ್ತೀರಾ ಅಂತ ಪಾಠ ಮುಂದುವರಿಯಿತು. ಪಕ್ಕದಲ್ಲಿ ಫಾಗ್ ಲೈಟ್ ಕೊಳ್ಳಲು ಬಂದಿದ್ದವರೂ ನಿಂತು ಕೇಳಿಸಿಕೊಂಡರು. ಕೊನೆಗೆ ಹುಡುಗ ಮೂಲೆಯಿಂದ ಇನ್ನೊಂದು ಡಬ್ಬ ತೆಗೆದ. ಬೆಂಕಿಯಿಲ್ಲ, ಸಿಂಹವಿಲ್ಲ, ಸಣ್ಣ ಅಕ್ಷರದಲ್ಲಿ 14.4 ವೋಲ್ಟ್, 4 ಓಮ್, ಶೇಕಡಾ 1ರೊಳಗಿನ ಡಿಸ್ಟಾರ್ಷನ್, ಇಷ್ಟು ಆರ್‌ಎಂಎಸ್ ವ್ಯಾಟ್ ಅಂತ ಮಾತ್ರ. ಬೆಲೆ ಮೊದಲಿನದಕ್ಕಿಂತ ಜಾಸ್ತಿ, ವ್ಯಾಟು ಹತ್ತರಲ್ಲೊಂದು ಪಾಲು. ಪ್ರಾಮಾಣಿಕತೆ ಇಷ್ಟು ದುಬಾರಿ ಅಂತ ನನಗೆ ಗೊತ್ತಿರಲಿಲ್ಲ.

ವೈರಿನ ಕಥೆಯೂ ಅದೇ. ಕಿಟ್‌ನಲ್ಲಿ ಬಂದ ದಪ್ಪ ಕೆಂಪು ವೈರಿನ ತುದಿಯನ್ನು ಆಕೆ ಕಾರಿನ ಕೀಲಿಯಿಂದ ಕೆರೆದಳು. ತಾಮ್ರದ ಬಣ್ಣ ಎದ್ದುಹೋಗಿ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ ಹಲ್ಲು ಕಿರಿಯಿತು. ಗೇಜಿನ ಅಂಕಿ ಚಿಕ್ಕದಾದಷ್ಟೂ ವೈರು ದಪ್ಪ, ಎಂಟಕ್ಕಿಂತ ನಾಲ್ಕು ದೊಡ್ಡದು ಅಂತ ಹುಡುಗ ವಿವರಿಸುವಾಗ ನಾನು ಎಲ್ಲ ಗೊತ್ತಿದ್ದವನ ಗತ್ತಿನಲ್ಲಿ ತಲೆಯಾಡಿಸಿದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಒಂದು ಫ್ಯೂಸ್ ಇರಲೇಬೇಕು, ಇಲ್ಲವಾದರೆ ವೈರು ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಸುಡುವುದು ಕಾರೇ. ಇದೊಂದರಲ್ಲಿ ಮಾತ್ರ ಮೂವರಿಗೂ ಏಕಾಭಿಪ್ರಾಯ.

ರಾತ್ರಿ ಕೊನೆಯ ಅಸ್ತ್ರ ಬಿಟ್ಟೆ. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಕೆಳ ಸ್ಥಾಯಿಯ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ, ಇದನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ, ಆದ್ದರಿಂದ ಸಬ್‌ವೂಫರ್ ಶೋಕಿಯಲ್ಲ, ಶರೀರಧರ್ಮ ಎಂದೆ.

‘ನೀವು ಕೇಳೋದು ಪಿ.ಬಿ. ಶ್ರೀನಿವಾಸ್’ ಅಂದಳು ಮಗಳು, ಮೊಬೈಲಿನಿಂದ ತಲೆಯೆತ್ತದೆ. ‘ಆ ಕಾಲದ ಮೋನೋ ರೆಕಾರ್ಡಿಂಗಲ್ಲಿ ಎಂಬತ್ತು ಹರ್ಟ್ಸ್ ಕೆಳಗೆ ಏನಿರುತ್ತೆ ಅಪ್ಪ?’

ಏನೂ ಇರುವುದಿಲ್ಲ ಅಂತಲ್ಲ, ಹೆಚ್ಚೇನೂ ಇರುವುದಿಲ್ಲ. ಸಬ್‌ವೂಫರ್ ದುಡಿಯುವುದೇ ಆ ಎಂಬತ್ತರ ಕೆಳಗೆ.

ಮೂರು ತಲೆಮಾರಿನ ಹೆಂಗಸರು ಒಂದಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಎಂಟು ಇಂಚಿನ, ಆಂಪ್ಲಿಫೈಯರ್ ಒಳಗೇ ಇರುವ, ಸೀಟಿನಡಿ ತೂರಿಸುವ ಚಪ್ಪಟೆ ಡಬ್ಬ. ಎದೆ ನಡುಗಿಸುವಂಥದ್ದೇನಲ್ಲ. ಆದರೆ ಕಾರಿನ ಒಳಾವರಣ ಚಿಕ್ಕದಾದ್ದರಿಂದ ಕೆಳ ಸ್ಥಾಯಿಗೆ ತಾನಾಗಿಯೇ ಒತ್ತು ಸಿಗುತ್ತದೆ. ಮನೆಯ ಹಾಲಿನಲ್ಲಿ ಪೇಲವ ಎನಿಸುವುದು ಇಲ್ಲಿ ಗುಮ್ಮೆನ್ನುತ್ತದೆ. ಫಿಟ್ಟಿಂಗ್ ಹುಡುಗ ಗೇನ್ ತಿರುಪನ್ನು ವಾಲ್ಯೂಮ್ ಎಂದುಕೊಂಡು ಪೂರ್ತಿ ತಿರುಗಿಸಿಟ್ಟಿದ್ದ. ಹೆಂಡತಿ ಅದನ್ನು ಕಾಲು ಭಾಗಕ್ಕೆ ಇಳಿಸಿದ ಮೇಲೆ ನಂಬರ್ ಪ್ಲೇಟಿನ ಗಡಗಡ ನಿಂತಿತು.

ಡಬ್ಬ ಕೂತಿದ್ದು ಮುಂದಿನ ಎಡ ಸೀಟಿನ ಕೆಳಗೆ. ಅದು ಅಮ್ಮನ ಜಾಗ. ಶಿವಮೊಗ್ಗಕ್ಕೆ ಹೊರಟಾಗ ನಾನು ಶ್ರೀನಿವಾಸ್ ಹಾಕಿದೆ. ಡಬ್ಬ ಸುಮ್ಮನೆ ಕೂತಿತ್ತು. ತುಮಕೂರು ದಾಟಿದ ಮೇಲೆ ಮಗಳು ತನ್ನ ಯಾವುದೋ ಡಿಜೆ ಹಾಡು ಹಾಕಿದಳು. ಸೀಟು ಗಡಗಡ ಅಂತು. ಅಮ್ಮ ಬೆಚ್ಚಿದರು, ಅತ್ತಿತ್ತ ಸರಿದರು, ಆಮೇಲೆ ಹಿಂದಕ್ಕೊರಗಿ ಕಣ್ಣು ಮುಚ್ಚಿದರು. ನಾನು ಗಡಿಬಿಡಿಯಿಂದ ಮತ್ತೆ ಶ್ರೀನಿವಾಸ್‌ಗೆ ಕೈ ಹಾಕಿದೆ.

‘ಮುಟ್ಟಬೇಡ’ ಅಂದರು ಅಮ್ಮ. ‘ಆ ಡಬ್‌ಡಬ್ ಹಾಡೇ ಇರಲಿ. ಸೊಂಟಕ್ಕೆ ಹಿತವಾಗಿದೆ.’

ಅಲ್ಲಿಂದ ಶಿವಮೊಗ್ಗದವರೆಗೂ ಡಿಜೆ. ಬರುವಾಗಲೂ ಅಷ್ಟೇ.