ಅರ್ಧ ನಮ್ಮದು, ಅರ್ಧ ನಿಮ್ಮದು: ಪಾಲಿಕೆಗೆ ಪಾತ್ರೆ ಅಂಗಡಿಯವನ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ನಮ್ಮ ಊರು.

ವಿಷಯ: ಮುಖ್ಯರಸ್ತೆಯ ಅಂಗಡಿಗಳ ಮುಂಭಾಗವನ್ನು ಚೆಂದ ಮಾಡಲು ಪಾಲಿಕೆಯು ಈಗಾಗಲೇ ಕೊಡುತ್ತಿರುವ ಸಮಪಾಲಿನ ಅನುದಾನಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ, ಜೊತೆಗೆ ಒಂದು ಹಲಗೆಯ ಬಗ್ಗೆ.

ಉಲ್ಲೇಖ: ನನ್ನ ಅಂಗಡಿಯ ಶಟರಿಗೆ ತಮ್ಮ ಸಿಬ್ಬಂದಿ ಅಂಟಿಸಿ ಹೋದ ನೋಟಿಸು. (ಅಂಟು ಬಹಳ ಗಟ್ಟಿಯಾಗಿತ್ತು. ಕೀಳುವಾಗ ಹೊಸ ಬಣ್ಣವೂ ಜೊತೆಗೇ ಬಂತು.)

ಸ್ವಾಮಿ,

ಬೆಳಿಗ್ಗೆ ಹತ್ತೂವರೆಗೆ ವಿಚಾರಣೆಗೆ ಹಾಜರಾಗಬೇಕು, ತಪ್ಪಿದಲ್ಲಿ ಏಕಪಕ್ಷೀಯವಾಗಿ ಕ್ರಮ ಜರುಗಿಸಲಾಗುವುದು ಎಂದು ನೋಟಿಸಿನಲ್ಲಿತ್ತು. ಇವತ್ತು ಹಾಜರಾದೆ. ಒಂದು ಪಕ್ಷವಾಗಿ ನಾನಿದ್ದೆ. ಇನ್ನೊಂದು ಪಕ್ಷದ ಪರವಾಗಿ ಕುರ್ಚಿಯ ಮೇಲೆ ಬಿಳಿ ಟವೆಲ್ ಇತ್ತು. "ಸಾಹೇಬ್ರು ಸೈಟಿಗೆ ಹೋಗವ್ರೆ, ಬರ್ತಾರೆ, ಕೂತ್ಕಳಿ ಯಜಮಾನ್ರೇ" ಅಂದರು ಅಟೆಂಡರು. ಕೂತೆ. ಊಟದ ಹೊತ್ತಾಯಿತು. ಊಟ ಮುಗಿಸಿ ಬರುವ ಹೊತ್ತೂ ಆಯಿತು. ಎದುರಿಗಿದ್ದ ಸಕಾಲ ಫಲಕವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿಕೊಂಡೆ. 2011ರ ಕಾಯ್ದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಕರೆಸಿಕೊಂಡವರೇ ಬಾರದೆ ಹೋದರೆ ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಮಾತ್ರ ಅದರಲ್ಲಿರಲಿಲ್ಲ.

ಹಾಗೆ ಕೂತಿದ್ದಾಗ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ನನ್ನ ಅಕ್ಕನ ಮಗ ವಾಟ್ಸಾಪಿನಲ್ಲಿ ಮಾತು ಕಳಿಸಿದ. ಅವನಿಗೆ ಅಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ, ನನಗೆ ಇಲ್ಲಿ ಹಗಲು ಕೆಲಸವಾಗುವುದಿಲ್ಲ. ಹೀಗಾಗಿ ನಮ್ಮಿಬ್ಬರ ಸಂಪರ್ಕ ಚೆನ್ನಾಗಿದೆ. "ಮಾವ, ನಮ್ಮೂರಲ್ಲಿ ಅಂಗಡಿಯ ಮುಂಭಾಗ ರಿಪೇರಿ ಮಾಡಿಸಿದರೆ ಅರ್ಧ ದುಡ್ಡು ಸಿಟಿಯವರೇ ಕೊಡ್ತಾರೆ ಗೊತ್ತಾ?" ಅಂದ.

ವಿಚಾರಿಸಿದೆ. ನಿಜ. ಅಲ್ಲಿನ ನಗರಾಡಳಿತದಲ್ಲಿ ವಾಣಿಜ್ಯ ಇಲಾಖೆ ಎಂದೊಂದಿದೆ. ಅದು ಗುರುತಿಸಿದ ವ್ಯಾಪಾರದ ಬೀದಿಗಳಲ್ಲಿ ಅಂಗಡಿ ಇಟ್ಟವನು ಮುಂಗೋಡೆಗೆ ಬಣ್ಣ ಹೊಡೆಸಲಿ, ಇಟ್ಟಿಗೆಯ ಸಂದಿಗೆ ಗಾರೆ ತುಂಬಿಸಲಿ, ಬಾಗಿಲು ಕಿಟಕಿ ಬದಲಿಸಲಿ, ಹೊರಗೆ ದೀಪ ಹಾಕಿಸಲಿ, ಬೋರ್ಡು ಕೂರಿಸಲಿ, ಖರ್ಚಿನ ಅರ್ಧ ಹಿಂದಕ್ಕೆ ಸಿಗುತ್ತದೆ. ಒಂಟಿ ಅಂಗಡಿಗೆ 10,000 ಡಾಲರ್, ಮೂಲೆಯ ಕಟ್ಟಡವಾದರೆ 15,000 ಡಾಲರ್ ತನಕ ಅನ್ನುವುದು ಬಹಳ ಕಾಲ ನಡೆದುಬಂದ ಲೆಕ್ಕ. ಶಟರಿಗೂ ಕೊಡುತ್ತಾರೆ, ಆದರೆ ಜಾಲರಿಯದಾಗಿರಬೇಕು, ಬಾಗಿಲು ಹಾಕಿದ ಮೇಲೂ ಬೀದಿಯಿಂದ ಒಳಗಡೆ ಕಾಣಬೇಕು. ಪೂರ್ತಿ ಮುಚ್ಚುವ ತಗಡಿನ ಶಟರು ಬೀದಿಯನ್ನು ಮಂಕು ಮಾಡುತ್ತದೆ ಅನ್ನುವುದು ಅವರ ವಾದ. ಇದು ಆ ಒಂದೇ ಊರಿನ ಔದಾರ್ಯವೂ ಅಲ್ಲ. 1974ರಿಂದ ಅಲ್ಲಿನ ಕೇಂದ್ರ ಸರ್ಕಾರ ಊರುಗಳಿಗೆ ಸಮುದಾಯ ಅಭಿವೃದ್ಧಿಯ ಇಡಿಗಂಟು ಕೊಡುತ್ತದೆ. ಅದರಲ್ಲಿ ಒಂದು ಪಾಲನ್ನು ಎಷ್ಟೋ ಊರುಗಳು ಇಂಥ ಕೆಲಸಕ್ಕೆ ಬಳಸುತ್ತವೆ. ಬೀದಿ ಚೆಂದವಿದ್ದರೆ ಜನ ಬರುತ್ತಾರೆ, ಜನ ಬಂದರೆ ವ್ಯಾಪಾರ, ವ್ಯಾಪಾರವಾದರೆ ತೆರಿಗೆ. ಇಷ್ಟೇ ತರ್ಕ.

ಹುಡುಗ ಬಹಳ ಬೀಗುತ್ತಿದ್ದ. ನಾನು ಬಿಡಲಿಲ್ಲ. "ಲೋ, ನಮ್ಮ ಪಾಲಿಕೆಯಲ್ಲಿ ಈ ಯೋಜನೆ ಬಂದು ಎಷ್ಟೋ ವರ್ಷವಾಯಿತು. ನಿಮ್ಮಲ್ಲಿ ಅರ್ಜಿ ಹಾಕಬೇಕು, ನಮ್ಮಲ್ಲಿ ಅರ್ಜಿಯೇ ಬೇಡ, ಅವರೇ ಬಂದು ಕೊಟ್ಟು ಹೋಗುತ್ತಾರೆ" ಅಂದೆ. ಸುಳ್ಳು ಹೇಳಲಿಲ್ಲ ಸ್ವಾಮಿ. ಲೆಕ್ಕ ಒಪ್ಪಿಸುತ್ತೇನೆ.

ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರಕ್ಕೆಂದು ಅಂಗಡಿಯ ಮುಂಭಾಗಕ್ಕೆ ಎರಡು ಕೋಟು ಬಣ್ಣ ಹೊಡೆಸಿದೆ. ಇದು ನನ್ನ ಪಾಲು. ತಾವು ತಡಮಾಡದೆ ರಸ್ತೆ ಅಗೆಸಿ ಮೂರನೇ ಕೋಟು ಹೊಡೆಸಿದಿರಿ, ಕೆಮ್ಮಣ್ಣಿನದು. ಮೊದಲು ಕುಡಿಯುವ ನೀರಿನ ಪೈಪಿಗೆ ಅಗೆದರು, ಮುಚ್ಚಿದರು. ಮುಚ್ಚಿದ್ದು ಸರಿಯಾಗಿ ಕೂರುವ ಮುಂಚೆ ಒಳಚರಂಡಿ ಕೆಲಸದ ಯುಜಿಡಿಯವರು ಬಂದರು. ಅವರ ಹಿಂದೆಯೇ ಕೇಬಲ್ಲಿನವರು. ಒಬ್ಬರು ತೋಡಿದ ಕಡೆಯೇ ಇನ್ನೊಬ್ಬರು ತೋಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಎಲ್ಲರೂ ಒಂದೊಂದು ಗೇಣು ಆಚೀಚೆ ತೋಡಿದರು. ಸಮಪಾಲು ಅಂದರೆ ಸಮಪಾಲು: ನಾನು ರೂಪಾಯಿ ಹಾಕಿದೆ, ತಾವು ಗುಂಡಿ ಹಾಕಿದಿರಿ.

ಬೋರ್ಡಿನ ವಿಷಯ. ಫಲಕದಲ್ಲಿ ಶೇ. 60 ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ನನಗೆ ಸಂತೋಷವೇ. ಅಪ್ಪನ ಕಾಲದಿಂದ ನಮ್ಮದು ಕನ್ನಡದ್ದೇ ಬೋರ್ಡು. ಕುಕ್ಕರ್ ಕಂಪನಿಯವರು ಪುಕ್ಕಟೆ ಕೊಟ್ಟ ಇಂಗ್ಲಿಷಿನ ಪಟ್ಟಿಯೊಂದು ನಡುವೆ ಸೇರಿಕೊಂಡಿತ್ತು. ಅದನ್ನು ಕಿತ್ತು ಹಾಕಿ, ದಪ್ಪ ಅಕ್ಷರ ಬರೆಸಿ, ಒಳಗೆ ದೀಪ ಉರಿಯುವ ಹೊಸ ಬೋರ್ಡು ಮಾಡಿಸಿದೆ. ಅದಾದ ಮೇಲೆ ನಾಯಕರೊಬ್ಬರ ಹುಟ್ಟುಹಬ್ಬ ಬಂತು. ಫ್ಲೆಕ್ಸು ಸರಿಯಾಗಿ ನನ್ನ ಬೋರ್ಡಿನ ಮೇಲ್ಭಾಗಕ್ಕೆ ಅಡ್ಡ ಬಂದಿತು. ಕಾಯ್ದೆಯ ಪ್ರಕಾರ ಎಲ್ಲಿ ಕನ್ನಡವಿರಬೇಕೋ ಅಲ್ಲಿ ಈಗ ಅವರ ಮೀಸೆ ಇದೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಈ ರಾಜ್ಯದಲ್ಲಿ 1981ರಲ್ಲೇ ಕಾನೂನಾಗಿದೆ. ಆದರೆ ಅವರ ಮೀಸೆಗೆ ನೋಟಿಸು ಬಂದಿಲ್ಲ. ಬಂದದ್ದು ನನ್ನ ಹಲಗೆಗೆ. ಅದಕ್ಕೆ ಬರುತ್ತೇನೆ.

ಗೋಡೆಯ ಎಡಗಡೆ ರಸ್ತೆ ಅಗಲೀಕರಣಕ್ಕೆಂದು ತಮ್ಮವರು ಯಾವ ಕಾಲದಲ್ಲೋ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದಾರೆ. ಅಗಲೀಕರಣ ಬರಲಿಲ್ಲ, ಗುರುತು ಹೋಗಲಿಲ್ಲ. ಪೇಂಟರಿಗೆ ಹೇಳಿ ಆ ಗುರುತಿನ ಸುತ್ತ ಚೌಕಟ್ಟು ಬಿಡಿಸಿ ಉಳಿದ ಕಡೆಗಷ್ಟೇ ಬಣ್ಣ ಹೊಡೆಸಿದ್ದೇನೆ. ಸರ್ಕಾರದ ಆಸ್ತಿ, ನಾವು ಮುಟ್ಟಬಾರದು. ಗಿರಾಕಿಗಳು ಅದೇನೆಂದು ಕೇಳಿದರೆ ಪಾಲಿಕೆಯವರು ಬರೆದ ಚಿತ್ರ ಅನ್ನುತ್ತೇನೆ.

ಹಾಗಾದರೆ ಆ ಅಮೆರಿಕದ ಯೋಜನೆ ಇಲ್ಲಿಗೂ ಬರಲಿ ಎಂದು ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ದಯವಿಟ್ಟು ತರಬೇಡಿ. ಅಲ್ಲೇ ಅದರ ಗೋಳು ಇದೆ. ಮೊದಲು ಒಪ್ಪಿಗೆ ಪಡೆಯಬೇಕು, ಆಮೇಲೆ ಪೂರ್ತಿ ದುಡ್ಡು ಕೈಯಿಂದ ಹಾಕಬೇಕು, ಕೆಲಸ ಮುಗಿದು ಬಿಲ್ಲು ಒಪ್ಪಿಸಿದ ಮೇಲೆ ಅರ್ಧ ವಾಪಸು. ಹಾಕುವುದಕ್ಕೆ ದುಡ್ಡಿದ್ದವನಿಗೆ ಅನುದಾನ, ಇಲ್ಲದವನಿಗೆ ಅರ್ಜಿ ನಮೂನೆ. ಬಾಡಿಗೆದಾರನಾದರೆ ಮಾಲೀಕನ ಒಪ್ಪಿಗೆ ತರಬೇಕು. ಅಂಗಡಿ ಚೆಂದವಾದ ಮೇಲೆ ಅದೇ ಮಾಲೀಕ ಬಾಡಿಗೆ ಏರಿಸಿದರೆ ಕೇಳುವವರಿಲ್ಲ. ಇನ್ನು ಇಲ್ಲಿಗೆ ಬಂದರೆ? 2021ರಲ್ಲಿ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ಶೇ. 40 ಕಮಿಷನ್ ಎಂದು ಆರೋಪ ಮಾಡಿದ ರಾಜ್ಯ ನಮ್ಮದು. ಅನುದಾನ ಶೇ. 50, ಅದರಲ್ಲಿ 40 ಯಾರದೋ. ಉಳಿದ 10ಕ್ಕೆ ನಾನು ಬೋರ್ಡಿನ ಒಂದು ಒತ್ತಕ್ಷರ ಬರೆಸಬಹುದು.

ಬೇರೆಯವರ ಕಟ್ಟಡಕ್ಕೆ ದುಡ್ಡು ಕೊಡುವ ಮಾತಿರಲಿ, ತಮ್ಮದೇ ಕಟ್ಟಡಗಳನ್ನು ನಮ್ಮ ಪಾಲಿಕೆಗಳು ಹೇಗೆ ಇಟ್ಟುಕೊಂಡಿವೆ ಅನ್ನುವುದನ್ನು ಮೈಸೂರಿಗೆ ಹೋದವರೆಲ್ಲ ನೋಡಿದ್ದಾರೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಊರಿನ ನಟ್ಟನಡುವೆ ಇರುವಂಥವು, ಎರಡರ ಮಳಿಗೆಗಳಿಗೂ ಪಾಲಿಕೆಯೇ ಮಾಲೀಕ. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ಅಲ್ಲಿಂದ ವರ್ಷಗಟ್ಟಲೆ ನಡೆಯಿತು. ಬಾಡಿಗೆ ಕಟ್ಟಿಕೊಂಡು ಬಂದ ಅಂಗಡಿಯವರಿಗೆ ಅರ್ಧವೂ ಇಲ್ಲ, ಕಾಲೂ ಇಲ್ಲ. ಬೆಂಗಳೂರಿನಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆಂದು ಅವೆನ್ಯೂ ರಸ್ತೆಯನ್ನು ಅಗೆದಾಗ ಅಲ್ಲಿನ ಪುಸ್ತಕದ ಅಂಗಡಿಯವರು ತಿಂಗಳುಗಟ್ಟಲೆ ಧೂಳು ಕೊಡವಿಕೊಂಡು ಕೂತಿದ್ದರು. ಅವರಿಗೂ ಸಮಪಾಲು ಸಿಕ್ಕಿದೆ ಅನ್ನುವುದೊಂದೇ ನನಗೆ ಸಮಾಧಾನ.

ಈಗ ಹಲಗೆ.

ಯುಜಿಡಿಯವರು ಬಂದಾಗ ನನ್ನ ಅಂಗಡಿಯ ಮುಂದಿನ ಚರಂಡಿಯ ಚಪ್ಪಡಿ ಕಲ್ಲುಗಳನ್ನು ಜೆಸಿಬಿಯಿಂದ ಎತ್ತಿದರು. ಎರಡು ಒಡೆದವು, ಉಳಿದದ್ದು ಟ್ರ್ಯಾಕ್ಟರಿನಲ್ಲಿ ಎಲ್ಲಿಗೋ ಹೋಯಿತು. ಕೆಲಸ ಮುಗಿಯಿತು, ಬಿಲ್ಲೂ ಆಗಿರಬೇಕು, ಚಪ್ಪಡಿ ಬರಲಿಲ್ಲ. ಅಂಗಡಿಗೂ ರಸ್ತೆಗೂ ನಡುವೆ ಮೂರಡಿ ಅಗಲದ, ಸೊಂಟದವರೆಗೆ ಆಳದ ಚರಂಡಿ ಬಾಯಿ ತೆರೆದುಕೊಂಡು ಬಿತ್ತು. ವಾರ್ಡ್ ಎಂಜಿನಿಯರ್ ಅವರನ್ನು ಕೇಳಿದರೆ ಗುತ್ತಿಗೆದಾರರದು ಅಂದರು. ಗುತ್ತಿಗೆದಾರರನ್ನು ಕೇಳಿದರೆ ಎಸ್ಟಿಮೇಟಿನಲ್ಲಿ ಚಪ್ಪಡಿ ಇಲ್ಲ ಅಂದರು. ಎಸ್ಟಿಮೇಟು ಮಾಡಿದವರು ವರ್ಗವಾಗಿ ಹೋಗಿದ್ದಾರಂತೆ. ಅಂಗಡಿಯ ಅಟ್ಟದ ಮೇಲೆ ನಮ್ಮ ತಾತನ ಕಾಲದ ಹಲಸಿನ ಹಲಗೆಯೊಂದಿತ್ತು, ಹಂಡೆ ಜೋಡಿಸುತ್ತಿದ್ದದ್ದು. ಅದನ್ನು ಇಳಿಸಿ ಚರಂಡಿಯ ಮೇಲೆ ಹಾಕಿದೆ.

ಅದಕ್ಕೆ ನೋಟಿಸು. "ಸಾರ್ವಜನಿಕ ಚರಂಡಿಯ ಮೇಲೆ ಅನಧಿಕೃತವಾಗಿ ಮರದ ಹಲಗೆ ಇರಿಸಿ ಒತ್ತುವರಿ ಮಾಡಿರುವುದು ಕಂಡುಬಂದಿರುತ್ತದೆ."

ಕಂಡುಬಂದಿರುತ್ತದೆ! ಇಡೀ ಸಾಲಿನಲ್ಲಿ ಚಪ್ಪಡಿ ಇಲ್ಲದಿರುವುದು ಕಂಡುಬರಲಿಲ್ಲ. ಪಕ್ಕದ ಔಷಧಿ ಅಂಗಡಿಯ ಮುಂದೆ ಸ್ಕೂಟರಿನ ಚಕ್ರ ಇಳಿದು ಹುಡುಗನೊಬ್ಬ ಕೈ ಮುರಿದುಕೊಂಡದ್ದು ಕಂಡುಬರಲಿಲ್ಲ. ಹಲಗೆ ಹಾಕುವ ಮುಂಚೆ, ಮಗಳ ಮದುವೆಗೆ ಪಾತ್ರೆ ಕೊಳ್ಳಲು ಹಳ್ಳಿಯಿಂದ ಬಂದ ಹೆಂಗಸೊಬ್ಬರು ಮಳೆಯಲ್ಲಿ ಅಂಚು ಕಾಣದೆ ಆ ಕೊಳಚೆಗೆ ಬಿದ್ದರು. ನಾವು ಇಬ್ಬರು ಹಿಡಿದು ಮೇಲೆತ್ತಿದೆವು. ಸೀರೆಯೆಲ್ಲ ಕಪ್ಪು ಕೆಸರು, ಮೊಣಕಾಲಿನಲ್ಲಿ ರಕ್ತ. ಅಷ್ಟಾದರೂ ಅವರು "ಅಯ್ಯೋ, ನಿಮ್ಮಂಗಡಿ ಗಲೀಜಾಯ್ತಲ್ಲಪ್ಪ" ಎಂದು ನನ್ನ ಕ್ಷಮೆ ಕೇಳಿದರು. ನನ್ನ ಕ್ಷಮೆ! ಕೇಳಬೇಕಾದವರು ಸೈಟಿಗೆ ಹೋಗಿದ್ದರು. ಈಗಲೂ ಸೈಟಿನಲ್ಲೇ ಇದ್ದಾರೆ. ಅದು ಯಾವ ಸೈಟು ಸ್ವಾಮಿ, ಯಾವ ಊರಲ್ಲಿದೆ, ಅಲ್ಲಾದರೂ ಚರಂಡಿಗೆ ಚಪ್ಪಡಿ ಇದೆಯೇ?

ನಾನು ಇಲ್ಲಿ ತಮಾಷೆ ಮಾಡಲು ಹೊರಟವನು, ಆಗುತ್ತಿಲ್ಲ. ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟುತ್ತೇನೆ, ಶೇ. 5 ರಿಯಾಯಿತಿ ಸಿಗುತ್ತದೆಂದು. ಆ ಕೌಂಟರಿನಲ್ಲಿ ಯಾರೂ ಸೈಟಿಗೆ ಹೋಗಿರುವುದಿಲ್ಲ. ಉದ್ದಿಮೆ ಪರವಾನಗಿ ವರ್ಷ ವರ್ಷ ನವೀಕರಿಸುತ್ತೇನೆ, ಅಲ್ಲಿಯೂ ಯಾರಾದರೊಬ್ಬರು ಇರುತ್ತಾರೆ. ದುಡ್ಡು ಒಳಕ್ಕೆ ಬರುವ ಕಿಟಕಿಗಳೆಲ್ಲ ತೆರೆದಿರುತ್ತವೆ. ನಿಮ್ಮ ಅರ್ಧ ನನಗೆ ಬೇಡ. ಬಣ್ಣಕ್ಕೆ ಬೇಡ, ಬೋರ್ಡಿಗೆ ಬೇಡ, ದೀಪಕ್ಕೆ ಬೇಡ. ನನ್ನ ಅಂಗಡಿಯ ಮುಂಭಾಗವನ್ನು ನಾನೇ ಪೂರ್ತಿ ನೋಡಿಕೊಳ್ಳುತ್ತೇನೆ. ಅಂಗಡಿಯ ಹೊಸ್ತಿಲಿನಿಂದ ರಸ್ತೆಯವರೆಗಿನ ಮೂರಡಿ ನಿಮ್ಮದು. ಅದನ್ನು ನೋಡಿಕೊಂಡರೆ ಸಾಕು. ಅದು ಅನುದಾನವೂ ಅಲ್ಲ, ಕೆಲಸ.

ಕಲ್ಲು ಸಿಗುತ್ತಿಲ್ಲ ಅನ್ನುವುದಾದರೆ ಆರ್‌ಸಿಸಿ ಸ್ಲ್ಯಾಬು ಎರಕ ಹಾಕಿಸಿ. ಸಿಮೆಂಟಿಗೆ ಬಜೆಟ್ ಇಲ್ಲ ಅನ್ನುವುದಾದರೆ ನಾವು ಬೀದಿಯವರು ಚಂದಾ ಎತ್ತಿ ಅರ್ಧ ಕೊಡುತ್ತೇವೆ. ಬರೆದುಕೊಡಿ, ಉಳಿದರ್ಧ ತಮ್ಮದೆಂದು. ಇಡೀ ರಾಜ್ಯದಲ್ಲಿ ಪ್ರಜೆಗಳು ಪಾಲಿಕೆಗೆ ಸಮಪಾಲಿನ ಅನುದಾನ ಕೊಟ್ಟ ಮೊದಲ ಊರೆಂದು ಫ್ಲೆಕ್ಸು ಹಾಕಿಸೋಣ. ಜಾಗ ನನ್ನ ಬೋರ್ಡಿನ ಮುಂದೆಯೇ ಇದೆ, ಆ ಹುಟ್ಟುಹಬ್ಬದವರನ್ನು ಇಳಿಸಿದರೆ.

ವಿಚಾರಣೆಗೆ ಮುಂದಿನ ಬುಧವಾರ ಮತ್ತೆ ಬರಲು ಅಟೆಂಡರು ಹೇಳಿದ್ದಾರೆ. ಬರುವುದಿಲ್ಲ. ವಿಚಾರಣೆ ಅಂಗಡಿಯಲ್ಲೇ ನಡೆಯಲಿ. ತಾವೇ ಬನ್ನಿ, ಕಾಫಿ ಕೊಡುತ್ತೇನೆ. ಒಳಗೆ ಬರಲು ಬೇರೆ ದಾರಿ ಇಲ್ಲ, ಆ ಹಲಗೆಯ ಮೇಲೇ ಕಾಲಿಟ್ಟು ಬರಬೇಕು. ಚಪ್ಪಡಿ ಹಾಕುವವರೆಗೆ ನಾನು ಅದನ್ನು ತೆಗೆಯುವುದಿಲ್ಲ. ತಮ್ಮ ನೋಟಿಸಿಗೆ ಇದೇ ನನ್ನ ಲಿಖಿತ ಉತ್ತರವೆಂದು ಕಡತದಲ್ಲಿ ಸೇರಿಸಿಕೊಳ್ಳಿ.

ಇಂತಿ,
ಮುಖ್ಯರಸ್ತೆಯ ಪಾತ್ರೆ ಅಂಗಡಿಯವನು